ಕಾಯಿಲ್ ಕೊಳ್ಳುವ ಮೊದಲು ಪಾಯಿಂಟ್ ನೋಡಿ

ಗೋಪಿನಾಥಂನಲ್ಲಿ ನೀರೆತ್ತುವ ಪೆಟ್ರೋಲ್ ಇಂಜಿನ್ ನಿಂತುಹೋದರೆ ಅದನ್ನು ಎಲ್ಲಿಗೆ ಒಯ್ಯಬೇಕು? ಪಾಲಾರ್ ದಾಟಿ, ಮಹದೇಶ್ವರ ಬೆಟ್ಟ ಹತ್ತಿ ಇಳಿದು ಹನೂರಿಗೆ ಬರಬೇಕು. ಅಲ್ಲಿಯೂ ಆಗದಿದ್ದರೆ ಕೊಳ್ಳೇಗಾಲವೇ ಗತಿ. ಬೆಟ್ಟದಿಂದ ಕೊಳ್ಳೇಗಾಲಕ್ಕೇ ಸುಮಾರು 80 ಕಿ.ಮೀ. ಇಂಜಿನನ್ನು ಗೋಣಿಯಲ್ಲಿ ಸುತ್ತಿ ಬಸ್ಸಿಗೆ ಹಾಕಿ ಹೊರಟರೆ ಹೋಗುವುದಕ್ಕೆ ಒಂದು ದಿನ, ಮೆಕ್ಯಾನಿಕ್ ಬಿಡುವಾಗಲು ಒಂದು ದಿನ, ಬರುವುದಕ್ಕೆ ಇನ್ನೊಂದು ದಿನ. ಹೊರಗಿನವರಿಗೆ ಗೋಪಿನಾಥಂ ಎಂಬ ಹೆಸರು ಬೇರೆ ಕಾರಣಕ್ಕೆ ಗೊತ್ತು. ಆ ಮಾತು ಇಲ್ಲಿ ಬೇಡ. ಕಾಡಂಚಿನಲ್ಲಿ ಬೇಸಾಯ ಮಾಡುವವನಿಗೆ ಮೂರು ದಿನ ನೀರು ನಿಂತರೆ ಏನಾಗುತ್ತದೆ ಎಂಬುದಷ್ಟೇ ಇಲ್ಲಿಯ ಮಾತು.

ನನ್ನ ತೋಟ ಅಷ್ಟು ದೂರವಿಲ್ಲ, ಹನೂರಿನ ಸಮೀಪದಲ್ಲೇ ಇದೆ. ಆದರೂ ನಾನು ಕೆಟ್ಟೆ. ಒಂದು ಬೇಸಗೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರದಿಂದ ಏಳುವ ಹೊತ್ತಿಗೆ ಸರಿಯಾಗಿ ಇಂಜಿನ್ ಹಟ ಹಿಡಿಯಿತು. ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದುಹೋಯಿತು. ಹುಳು ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಮಿಗಿಲಾಗಿ ತಿನ್ನುವುದು ಈ ಕೊನೆಯ ಹಂತದಲ್ಲಿ ಎಂಬುದು ಹುಳು ಸಾಕಿದವರಿಗೆಲ್ಲ ಗೊತ್ತು. ಪೇಟೆಯ ಒಂದು ವರ್ಕ್‌ಷಾಪಿನಲ್ಲಿ ಕಾಯಿಲ್ ಸುಟ್ಟಿದೆ ಎಂದರು. ಹೊಸ ಕಾಯಿಲ್ ತರಿಸಲು ದಿನಗಳು ಹಿಡಿದವು. ಹಾಕಿಸಿಕೊಂಡು ಬಂದೆ, ಎರಡು ದಿನ ಓಡಿ ಮತ್ತೆ ನಿಂತಿತು. ಅಷ್ಟರಲ್ಲಿ ತೋಟ ಬಾಡಿ, ಪರರ ಸೊಪ್ಪನ್ನು ಕೇಳಿದ ಬೆಲೆ ಕೊಟ್ಟು ಕೊಂಡು ಹಾಕುತ್ತಿದ್ದೆ. ಆಗ ಹಿಂದೆ ಮೋಟಾರ್ ಸೈಕಲ್ ರಿಪೇರಿ ಮಾಡುತ್ತಿದ್ದ ನಮ್ಮೂರಿನ ಹಿರಿಯರೊಬ್ಬರು ಬಂದು, "ಕಾಯಿಲ್ ಅಂಗೇ ಇರ್ಲಿ ಬುಡಿ ಸ್ವಾಮಿ, ಮೊದ್ಲು ಪಾಯಿಂಟ್ ನೋಡವ" ಎಂದರು. ಮಗನ ನೋಟುಪುಸ್ತಕದಿಂದ ಒಂದು ಹಾಳೆ ಹರಿದು, ಪಟ್ಟಿ ಮಾಡಿ, ಪಾಯಿಂಟಿನ ನಡುವೆ ಎರಡು ಸಲ ಎಳೆದರು. ಕಾಗದ ಕಪ್ಪಾಯಿತು. ಮೂರನೆಯ ಎಳೆತಕ್ಕೆ ಇಂಜಿನ್ ಹತ್ತಿತು. ಕಾಯಿಲಿಗೆ ಕೊಟ್ಟ ಹಣದ ಮಾತು ಹಾಗಿರಲಿ, ಆ ಬೆಳೆಯಲ್ಲಿ ಸೊಪ್ಪಿಗೆ ಹೋದ ದುಡ್ಡು ಗೂಡು ಮಾರಿದರೂ ಹಿಂದಿರುಗಲಿಲ್ಲ.

ಏನಿದು ಪಾಯಿಂಟ್? ಪೆಟ್ರೋಲ್ ಇಂಜಿನಿನ ಚಕ್ರದೊಳಗೆ ಅಯಸ್ಕಾಂತಗಳಿವೆ. ಅವು ಕಾಯಿಲಿನ ಮುಂದೆ ಸುತ್ತುವಾಗ ಕಾಯಿಲಿನ ದಪ್ಪ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಈ ವಿದ್ಯುತ್ತಿಗೆ ಹರಿಯಲು ದಾರಿ ಕೊಡುವುದು ಒಂದಕ್ಕೊಂದು ಕೂಡಿಕೊಂಡಿರುವ ಎರಡು ಪುಟ್ಟ ಲೋಹದ ಬಿಲ್ಲೆಗಳು. ಅವೇ ಪಾಯಿಂಟ್. ಸರಿಯಾದ ಕ್ಷಣದಲ್ಲಿ ಕ್ಯಾಮ್ ಒಂದು ಬಿಲ್ಲೆಯನ್ನು ಮೇಲೆತ್ತುತ್ತದೆ. ಹರಿಯುತ್ತಿದ್ದ ವಿದ್ಯುತ್ ತಟ್ಟನೆ ಕಡಿಯುತ್ತದೆ. ತೂಬನ್ನು ಒಮ್ಮೆಲೇ ಮುಚ್ಚಿದಾಗ ಕಾಲುವೆಯ ನೀರು ಹೇಗೆ ಗುದ್ದುತ್ತದೆಯೋ ಹಾಗೆ, ಈ ಕಡಿತದಿಂದ ಕಾಯಿಲಿನ ಸಣ್ಣ ತಂತಿಯ ಸಾವಿರಾರು ಸುತ್ತುಗಳಲ್ಲಿ ಹತ್ತು ಸಾವಿರ ವೋಲ್ಟಿಗೂ ಹೆಚ್ಚಿನ ಒತ್ತಡ ಎದ್ದು, ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಕಡಿತ ಎಷ್ಟು ಚುರುಕೋ ಕಿಡಿ ಅಷ್ಟು ಬಿರುಸು.

ಈ ವಿದ್ಯೆ ಹಳೆಯದು. ಬೆಂಗಳೂರಿನ ಮೈಕೋ ಪ್ಲಗ್ಗನ್ನು ಕಾಣದ ಪಂಪಿನ ರೈತರು ಕಡಮೆ. 1951ರಲ್ಲಿ ಹುಟ್ಟಿದ ಆ ಕಂಪನಿಗೆ 2008ರಿಂದ ಬಾಷ್ ಎಂದು ಹೆಸರು. ಅದರ ಮೂಲ ಸಂಸ್ಥೆಯಾದ ಜರ್ಮನಿಯ ಬಾಷ್ ಕಾರ್ಖಾನೆಯಲ್ಲಿ ಗಾಟ್ಲೋಬ್ ಹೊನೋಲ್ಡ್ ಎಂಬ ಎಂಜಿನಿಯರ್ 1902ರಲ್ಲಿ ಇಂಥ ಹೆಚ್ಚು ಒತ್ತಡದ ಮ್ಯಾಗ್ನೆಟೋ ತಯಾರಿಸಿದರು. ನಿಮ್ಮ ಬಾವಿಯ ದಡದಲ್ಲಿರುವುದು ಅದರ ಮೊಮ್ಮಗ.

ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ, ಸುತ್ತಿಗೊಮ್ಮೆಯಂತೆ ಪಾಯಿಂಟ್ ಗಂಟೆಗೆ 1,80,000 ಸಲ ತೆರೆದು ಮುಚ್ಚುತ್ತದೆ. ಇಷ್ಟು ಬಡಿತ ತಾಳಲೆಂದೇ ಬಿಲ್ಲೆಗಳನ್ನು ಟಂಗ್‌ಸ್ಟನ್ ಲೋಹದಿಂದ ಮಾಡುತ್ತಾರೆ. ಅದು ಕರಗುವುದು 3,400 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಆದರೆ ಟಂಗ್‌ಸ್ಟನ್ನಿಗೂ ಒಂದು ದುರ್ಗುಣವಿದೆ. ತೇವದ ಗಾಳಿಯಲ್ಲಿ ಸುಮ್ಮನೆ ಬಿದ್ದಿದ್ದರೆ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕಿಲುಬು ಕಟ್ಟುತ್ತದೆ. ಕಿಲುಬಿನ ಮೂಲಕ ವಿದ್ಯುತ್ ಹರಿಯದು. ಮಳೆಗಾಲವೆಲ್ಲ ಸುಮ್ಮನಿದ್ದ ಇಂಜಿನ್ ಬೇಸಗೆಯ ಮೊದಲ ದಿನವೇ ಕೈಕೊಡುವುದು ಅನೇಕ ಸಲ ಇದರಿಂದ.

ಇನ್ನು ಪರೀಕ್ಷೆಯ ವಿಚಾರ. ಪ್ಲಗ್ ಬಿಚ್ಚಿ, ಒರೆಸಿ, ಕ್ಯಾಪಿಗೆ ಸಿಕ್ಕಿಸಿ, ಅದರ ಮೈ ಇಂಜಿನಿನ ಬಣ್ಣವಿಲ್ಲದ ಕಬ್ಬಿಣಕ್ಕೆ ತಾಗುವಂತೆ ಇಡಿ. ಪ್ಲಗ್ಗಿನ ತೂತಿನಿಂದಲೂ ಕಾರ್ಬುರೇಟರಿನಿಂದಲೂ ದೂರದಲ್ಲಿ ಇಡಿ. ತೂತಿನಿಂದ ಪೆಟ್ರೋಲ್ ಹಬೆ ಚಿಮ್ಮಿ ಕಿಡಿಗೆ ಸಿಕ್ಕಿದರೆ ಪಂಪಿನ ಮನೆಯೇ ಉಳಿಯದು. ಟ್ಯಾಂಕಿನ ನಲ್ಲಿ ಮುಚ್ಚಿರಲಿ, ಬಾಯಲ್ಲಿ ಬೀಡಿ ಬೇಡ. ಹಗ್ಗ ಎಳೆದಾಗ ನೀಲಿ ಕಿಡಿ ಚಟ್ ಎಂದರೆ ಕಿಡಿಯ ಭಾಗ ಸರಿಯಿದೆ, ದೋಷವನ್ನು ಕಾರ್ಬುರೇಟರಿನಲ್ಲಿ ಹುಡುಕಿ. ಕಿಡಿ ಇಲ್ಲವಾದರೆ ಅಥವಾ ಕೆಂಪಗೆ ಸೊರಗಿದ್ದರೆ ಮೊದಲು ಇಂಜಿನ್ ನಿಲ್ಲಿಸುವ ಗುಂಡಿಗೆ ಹೋಗುವ ತಂತಿಯನ್ನು ಕಳಚಿ ನೋಡಿ. ಅದರ ಹೊದಿಕೆ ಸವೆದು ಮೈಗೆ ತಾಗುತ್ತಿದ್ದರೂ ಕಿಡಿ ಸತ್ತುಹೋಗುತ್ತದೆ. ಆಮೇಲೆ ಪಾಯಿಂಟ್. ಕಾಯಿಲ್ ಕಟ್ಟಕಡೆಗೆ.

ಚಕ್ರದ ಮೇಲಿನ ಮುಚ್ಚಳ ತೆಗೆದರೆ ಬಹಳಷ್ಟು ಇಂಜಿನುಗಳಲ್ಲಿ ಚಕ್ರದಲ್ಲೇ ಒಂದು ಕಿಂಡಿ ಇರುತ್ತದೆ. ಚಕ್ರವನ್ನು ಕೈಯಿಂದ ತಿರುಗಿಸಿ ಕಿಂಡಿಯನ್ನು ಪಾಯಿಂಟಿನ ಮುಂದೆ ತನ್ನಿ. ಬಿಲ್ಲೆಗಳು ತಿಳಿಬೂದು ಬಣ್ಣದಲ್ಲಿದ್ದು ಮೇಲೆ ಮಂಜು ಕೂತಂತೆ ಕಂಡರೆ ಆರೋಗ್ಯವಾಗಿವೆ. ಕಪ್ಪು ಮಸಿ ಇದ್ದರೆ ಎಣ್ಣೆ ಬಿದ್ದಿದೆ. ಪದೇ ಪದೇ ಹೀಗಾದರೆ ಒಳಗಿನ ಆಯಿಲ್ ಸೀಲ್ ಸವೆದಿದೆ ಎಂದು ತಿಳಿಯಿರಿ. ನೀಲಿಗಟ್ಟಿ ಸುಟ್ಟಿದ್ದರೆ ಅನುಮಾನ ಕಂಡೆನ್ಸರಿನ ಮೇಲೆ. ಒಂದರಲ್ಲಿ ಕುಳಿ, ಇನ್ನೊಂದರಲ್ಲಿ ಗುಬುಟು ಎದ್ದಿದ್ದರೆ ಲೋಹ ಒಂದು ಬಿಲ್ಲೆಯಿಂದ ಇನ್ನೊಂದಕ್ಕೆ ಹಾರುತ್ತಿದೆ. ಆ ಇಂಜಿನಿಗೆ ಹೊಂದದ ಕಂಡೆನ್ಸರ್ ಹಾಕಿದಾಗ ಹೀಗಾಗುವುದುಂಟು.

ಈ ಕಂಡೆನ್ಸರನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ. ಪಾಯಿಂಟ್ ತೆರೆಯುವ ಕ್ಷಣದಲ್ಲಿ ವಿದ್ಯುತ್ ಬಿಲ್ಲೆಗಳ ನಡುವೆಯೇ ಹಾರಲು ನೋಡುತ್ತದೆ. ಅದನ್ನು ಆ ಕ್ಷಣದ ಮಟ್ಟಿಗೆ ತನ್ನೊಳಗೆ ಎಳೆದುಕೊಳ್ಳುವುದು ಕಂಡೆನ್ಸರಿನ ಕೆಲಸ. ಅದು ಸತ್ತರೆ ಬಿಲ್ಲೆಗಳೂ ಸುಡುತ್ತವೆ, ಕಿಡಿಯೂ ಸೊರಗುತ್ತದೆ. ಕತ್ತಲಲ್ಲಿ ಚಕ್ರ ತಿರುಗಿಸುತ್ತಾ ಪಾಯಿಂಟನ್ನು ನೋಡಿ. ಸಾಸಿವೆಯಷ್ಟು ಕಿಡಿ ಸಹಜ. ಉದ್ದನೆಯ ಹಳದಿ ಕಿಡಿ ಚಟಪಟ ಎನ್ನುತ್ತಿದ್ದರೆ ಕಂಡೆನ್ಸರ್ ಬದಲಾಯಿಸಿ. ಬೆಲೆಯಲ್ಲಿ ಅದು ಕಾಯಿಲಿಗಿಂತ ಬಹಳ ಅಗ್ಗ. ಹೊಸದನ್ನು ಕೂರಿಸುವಾಗ ಅದರ ಸ್ಕ್ರೂ ಕೆಳಗಿನ ತುಕ್ಕನ್ನು ಕೆರೆದು ಕಬ್ಬಿಣ ಹೊಳೆಯುವಂತೆ ಮಾಡಿ. ಮೈಗೆ ಸರಿಯಾಗಿ ತಾಗದ ಕಂಡೆನ್ಸರ್ ಇದ್ದೂ ಇಲ್ಲದಂತೆ.

ಬಿಲ್ಲೆ ಒರಟಾಗಿದ್ದರೆ ಚಪ್ಪಟೆಯಾದ ನಯವಾದ ಅರದಿಂದ ಮೆಲ್ಲಗೆ ಉಜ್ಜಿ. ಎಮರಿ ಕಾಗದ, ಉಪ್ಪುಕಾಗದ ಬೇಡವೇ ಬೇಡ. ಅದರ ಮರಳುಪುಡಿ ಲೋಹಕ್ಕೆ ಕಚ್ಚಿಕೊಂಡು, ಬಿಲ್ಲೆಗಳು ಒಂದನ್ನೊಂದು ಪೂರ್ತಿ ಮುಟ್ಟದೆ, ವಾರದೊಳಗೆ ಮತ್ತೆ ಸುಡುತ್ತವೆ. ನಾನು ಕಂಡ ಹತ್ತು ಇಂಜಿನುಗಳಲ್ಲಿ ಆರೇಳಕ್ಕಾದರೂ ಯಾರೋ ಎಮರಿ ಹಾಕಿದ ಗುರುತು ಇದ್ದೇ ಇತ್ತು. ಕುಳಿ ಪೂರ್ತಿ ಮಾಯವಾಗುವವರೆಗೆ ಅರ ಹಾಕಬೇಕಾಗಿಲ್ಲ, ಗುಬುಟು ಹೋದರೆ ಸಾಕು. ಬಳಿಕ ಪೆಟ್ರೋಲಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಿ, ಒಣಗಿಸಿ, ಬಿಳಿ ಕಾಗದದ ಪಟ್ಟಿಯನ್ನು ಮುಚ್ಚಿದ ಪಾಯಿಂಟಿನ ನಡುವೆ ಎಳೆಯಿರಿ. ಪಟ್ಟಿಯಲ್ಲಿ ಕಪ್ಪು ಬೀಳದಿರುವ ತನಕ ಹೊಸ ಹೊಸ ಪಟ್ಟಿ ಹಾಕಿ. ಕೊನೆಯ ಸಲ ಪಾಯಿಂಟನ್ನು ತೆರೆದು ಪಟ್ಟಿ ತೆಗೆಯಬೇಕು, ಇಲ್ಲವಾದರೆ ಕಾಗದದ ನಾರು ಒಳಗೇ ಉಳಿಯುತ್ತದೆ. ಆಮೇಲೆ ಬೆರಳು ತಾಗಿಸಬೇಡಿ. ಬೆರಳಿನ ಜಿಡ್ಡೂ ಅದಕ್ಕೆ ಎಣ್ಣೆಯೇ.

ಈಗ ಗ್ಯಾಪು. ಚಕ್ರ ತಿರುಗಿಸಿ ಬಿಲ್ಲೆಗಳು ಅತಿ ಹೆಚ್ಚು ಅಗಲವಾದಾಗ ನಿಲ್ಲಿಸಿ, ನಡುವಿನ ಅಂತರ ಅಳೆಯಿರಿ. ಸಣ್ಣ ಇಂಜಿನುಗಳಲ್ಲಿ ಅದು ಸಾಮಾನ್ಯವಾಗಿ 0.35ರಿಂದ 0.40 ಮಿ.ಮೀ.; ನಿಮ್ಮ ಇಂಜಿನಿನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಫೀಲರ್ ಗೇಜ್ ಇಲ್ಲದಿದ್ದರೆ ಕ್ಷೌರದ ಹಳೇ ಬ್ಲೇಡುಗಳನ್ನು ತೆಗೆದುಕೊಳ್ಳಿ. ಎರಡಲಗಿನ ಬ್ಲೇಡಿನ ದಪ್ಪ 0.1 ಮಿ.ಮೀ., ನಾಲ್ಕು ಕೂಡಿಸಿದರೆ 0.4. ಬ್ಲೇಡುಗಳ ಮೊಂಡು ತುದಿಯನ್ನು ತೂರಿಸಿ. ಬಿಗಿಯೂ ಅಲ್ಲ ಸಡಿಲವೂ ಅಲ್ಲ ಎಂಬಂತೆ ಜಾರಬೇಕು. ಕದಲದ ಬಿಲ್ಲೆಯ ತಗಡಿನ ಸ್ಕ್ರೂ ಸಡಿಲಿಸಿ ಸರಿಪಡಿಸಿಕೊಳ್ಳಿ. ಕದಲುವ ತೋಳನ್ನು ಬಗ್ಗಿಸಬೇಡಿ.

ಗ್ಯಾಪು ಕಿಡಿಯ ಬಲಕ್ಕಷ್ಟೇ ಅಲ್ಲ, ಕಿಡಿಯ ಹೊತ್ತಿಗೂ ಒಡೆಯ. ಗ್ಯಾಪು ಹೆಚ್ಚಾದರೆ ಪಾಯಿಂಟ್ ಬೇಗ ತೆರೆದು, ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಬೆಂಕಿ ಬಿದ್ದು, ಹಗ್ಗ ಕೈಯನ್ನು ಹಿಂದಕ್ಕೆ ಜಗ್ಗುತ್ತದೆ. ಕಡಮೆಯಾದರೆ ಕಿಡಿ ತಡವಾಗಿ, ಇಂಜಿನ್ ಕಾಯುತ್ತದೆ, ಎಣ್ಣೆ ಹೆಚ್ಚು ಕುಡಿಯುತ್ತದೆ. ಕ್ಯಾಮಿಗೆ ಉಜ್ಜುವ ಫೈಬರ್ ಹಿಮ್ಮಡಿ ಸವೆಯುತ್ತಾ ಬಂದಂತೆ ಗ್ಯಾಪು ತಾನಾಗಿ ಕಡಮೆಯಾಗುತ್ತಾ ಹೋಗುತ್ತದೆ. ಹೊಸ ಪಾಯಿಂಟಿನ ಹಿಮ್ಮಡಿ ಬೇಗ ಸವೆಯುವುದರಿಂದ, ಹಾಕಿದ ಕೆಲವೇ ದಿನಗಳಲ್ಲಿ ಮತ್ತೊಮ್ಮೆ ಅಳೆಯಲೇಬೇಕು. ಕ್ಯಾಮಿನ ಫೆಲ್ಟ್ ಬತ್ತಿಗೆ ಒಂದೆರಡು ತೊಟ್ಟು ಎಣ್ಣೆ ಸಾಕು. ಧಾರಾಳತನ ಇಲ್ಲಿ ಬೇಡ.

ಡೀಸೆಲ್ ಇಂಜಿನ್ ಇದ್ದವರಿಗೆ ಇದಾವುದೂ ಅನ್ವಯಿಸದು, ಅದಕ್ಕೆ ಕಿಡಿಯೇ ಇಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿ ಗಾಡಿಗಳನ್ನು ಇಂದಿಗೂ ಇಟ್ಟುಕೊಂಡವರು ನಮ್ಮ ಸೀಮೆಯಲ್ಲಿದ್ದಾರೆ. ಪಾಯಿಂಟ್ ಇರುವ ಆ ಗಾಡಿಗಳಲ್ಲಿ ವಿದ್ಯುತ್ ಬರುವುದು ಬ್ಯಾಟರಿಯಿಂದ. ಶುಚಿಮಾಡುವ ರೀತಿ ಇದೇ, ಎಚ್ಚರ ಮಾತ್ರ ಇನ್ನೊಂದು ಬೇಕು: ಇಂಜಿನ್ ನಿಂತಿರುವಾಗ ಕೀ ಹಾಕಿಯೇ ಬಿಟ್ಟರೆ, ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿದ್ದಲ್ಲಿ ಕಾಯಿಲ್ ಕಾದು ನಿಜವಾಗಿಯೂ ಸುಡುತ್ತದೆ. ಆಗ ಮೆಕ್ಯಾನಿಕ್ ಹೇಳಿದ್ದು ಸುಳ್ಳಾಗದು!

ಪಾಯಿಂಟನ್ನೇ ತೆಗೆದು ಟ್ರಾನ್ಸಿಸ್ಟರ್ ಪೆಟ್ಟಿಗೆ ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಆದೀತು. ಈಚಿನ ಮೊಪೆಡ್, ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರಗಳಲ್ಲಿ ಪಾಯಿಂಟೇ ಇಲ್ಲ. ಹಳೆಯ ಮ್ಯಾಗ್ನೆಟೋಗೆ ಹೊಂದುವ ಪುಟ್ಟ ಪೆಟ್ಟಿಗೆಗಳೂ ಬಂದಿವೆ. ಸವೆಯುವ ಭಾಗವಿಲ್ಲದ್ದರಿಂದ ಗ್ಯಾಪಿನ ಕಾಟ ತಪ್ಪುತ್ತದೆ. ನಿಮ್ಮ ಇಂಜಿನಿಗೆಂದೇ ಮಾಡಿದ್ದು ಸಿಕ್ಕರೆ ಹಾಕಿಸಿ. ಆದರೆ ಗೋಪಿನಾಥಂನಂಥ ಊರಿನವರಿಗೆ ನನ್ನ ಸಲಹೆ ಎಂದರೆ, ತೆಗೆದ ಪಾಯಿಂಟನ್ನೂ ಕಂಡೆನ್ಸರನ್ನೂ ಎಸೆಯದೆ ಡಬ್ಬಿಯಲ್ಲಿ ಜೋಪಾನ ಮಾಡಿ. ಪಾಯಿಂಟ್ ಕೆಟ್ಟರೆ ಕಾಗದದ ಪಟ್ಟಿಯಿಂದ ಎಬ್ಬಿಸಬಹುದು. ಟ್ರಾನ್ಸಿಸ್ಟರ್ ಸತ್ತರೆ ಬಾವಿಯ ದಡದಲ್ಲಿ ಕುಳಿತು ಮಾಡುವಂಥದ್ದು ಏನೂ ಇಲ್ಲ, ಮತ್ತೆ ಕೊಳ್ಳೇಗಾಲದ ಬಸ್ಸೇ.

ನೀರಿನ ಕೆಲಸ ಮುಗಿದು ಇಂಜಿನ್ ಮೂಲೆಗೆ ಸೇರುವಾಗ ಅದನ್ನು ನೆಲಕ್ಕಿಡದೆ ಹಲಗೆಯ ಮೇಲಿಡಿ. ಹದಿನೈದು ದಿನಕ್ಕೊಮ್ಮೆ, ಬಾಗಿಲು ತೆರೆದಿಟ್ಟು, ಐದು ನಿಮಿಷ ಓಡಿಸಿ. ನೀರಿಲ್ಲದೆ ಪಂಪು ಓಡಿದರೆ ಸೀಲ್ ಸುಡುತ್ತದೆ. ಆದ್ದರಿಂದ ಪಂಪಿಗೆ ನೀರು ತುಂಬಿಸಿಕೊಂಡೇ ಓಡಿಸಬೇಕು.