ಕೋಟಿನ ಸುಕ್ಕು ಓದುವ ಬಗೆ

ಆರತಕ್ಷತೆಗೆಂದು ರೆಡಿಮೇಡ್ ಸೂಟ್ ಕೊಳ್ಳಲು ಬಂದವರು ಕನ್ನಡಿಯ ಮುಂದೆ ಮೊದಲು ನೋಡುವುದು ಹೊಟ್ಟೆಯ ಬಳಿ ಗುಂಡಿ ಹಾಕಲು ಬರುತ್ತದೆಯೇ ಎಂದು. ಬಂದರೆ ಸೈಜು ಸರಿ ಎಂದು ತೀರ್ಮಾನ. ಆದರೆ ಕೋಟು ನಿಲ್ಲುವುದು ಹೊಟ್ಟೆಯ ಮೇಲಲ್ಲ. ಕತ್ತಿನ ಬುಡ ಮತ್ತು ಎರಡು ಭುಜಗಳು ಅದನ್ನು ಹೊರುತ್ತವೆ, ಉಳಿದದ್ದೆಲ್ಲ ಅಲ್ಲಿಂದ ಇಳಿಬೀಳುತ್ತದೆ. ಹಾಗಾಗಿ ಕೊಳ್ಳುವಾಗ ಭುಜ ನೋಡಿ ಕೊಳ್ಳಬೇಕು. ಸೊಂಟವನ್ನು ಟೈಲರ್‌ಗೆ ಬಿಡಬಹುದು.

ಸುಲಭದ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಸೊಂಟ ಹಿಡಿಸುವುದು ಪಕ್ಕದ ಹೊಲಿಗೆ ಮತ್ತು ಬೆನ್ನಿನ ನಡುಹೊಲಿಗೆಯಲ್ಲಿ. ಬಿಡಿಸುವುದು ಮಾತ್ರ ಒಳಗೆ ಎಷ್ಟು ಮಾರ್ಜಿನ್ ಇದೆಯೋ ಅಷ್ಟೇ, ಅದನ್ನು ಲೈನಿಂಗ್ ಎತ್ತಿ ನೋಡಿಯೇ ಹೇಳಬೇಕು. ತೋಳಿನ ಉದ್ದ ಶರ್ಟಿನ ಕಫ್ ಅರ್ಧ ಇಂಚು ಕಾಣುವಷ್ಟಿರಲಿ. ತೋಳಿನ ತುದಿಯ ಗುಂಡಿಗಳಿಗೆ ನಿಜವಾದ ಕಾಜಾ ಹೊಲಿದಿದ್ದರೆ ಅಲ್ಲಿಂದ ಗಿಡ್ಡ ಮಾಡಲಾಗದು. ತೋಳನ್ನು ಭುಜದ ಕಡೆಯಿಂದ ಬಿಚ್ಚಬೇಕು, ಮಜೂರಿಯೂ ಏರುತ್ತದೆ. ಇನ್ನು ಕೋಟಿನ ಉದ್ದವನ್ನು ಒಂದು ಇಂಚಿಗಿಂತ ಹೆಚ್ಚು ಕತ್ತರಿಸಲು ಹೋಗಬೇಡಿ. ಜೇಬು, ಗುಂಡಿ ಇದ್ದಲ್ಲೇ ಉಳಿಯುತ್ತವೆ, ಕೋಟು ಮಾತ್ರ ಮೇಲೆ ಹೋಗಿ ಜೇಬುಗಳು ಅಂಚಿಗೆ ಜೋತುಬಿದ್ದಂತೆ ಕಾಣುತ್ತವೆ.

ಈಗ ನನಗಿಷ್ಟದ ವಿಷಯಕ್ಕೆ ಬರುತ್ತೇನೆ. ಬೆನ್ನ ಮೇಲೆ, ಕಾಲರಿನ ಕೆಳಗೇ ಒಂದು ಅಡ್ಡ ಸುಕ್ಕು ಉಬ್ಬಿ ನಿಲ್ಲುವುದನ್ನು ನೀವು ಎಷ್ಟೋ ಮದುವೆ ಫೋಟೋಗಳಲ್ಲಿ ನೋಡಿರುತ್ತೀರಿ. ‘ಬೆನ್ನು ಸಡಿಲ, ಸ್ವಲ್ಪ ಹಿಡೀರಿ’ ಎನ್ನುತ್ತಾರೆ ಗಿರಾಕಿಗಳು. ಟೈಲರ್ ಹಿಡಿಯುತ್ತಾನೆ. ಸುಕ್ಕು ಹೋಗುವುದಿಲ್ಲ, ಬೆನ್ನು ಬಿಗಿಯಾಗುತ್ತದೆ ಅಷ್ಟೆ. ಏಕೆಂದರೆ ಅಲ್ಲಿ ಹೆಚ್ಚಾಗಿರುವುದು ಬಟ್ಟೆಯ ಅಗಲವಲ್ಲ, ಉದ್ದ. ಅಗಲ ಹೆಚ್ಚಾದರೆ ನೆರಿಗೆ ಮೇಲಿನಿಂದ ಕೆಳಕ್ಕೆ ಬೀಳುತ್ತದೆ. ಉದ್ದ ಹೆಚ್ಚಾದರೆ ಅಡ್ಡಡ್ಡ ಬೀಳುತ್ತದೆ.

ಉದ್ದ ಅಲ್ಲಿ ಹೆಚ್ಚಾದದ್ದು ಹೇಗೆ? ರೆಡಿಮೇಡ್ ಕೋಟನ್ನು ಸರಾಸರಿ ಇಳಿಜಾರಿನ ಭುಜಕ್ಕೆ ಕತ್ತರಿಸಿರುತ್ತಾರೆ. ತೊಟ್ಟವರ ಭುಜ ಅದಕ್ಕಿಂತ ಮಟ್ಟಸವಾಗಿದ್ದರೆ ಭುಜದ ತುದಿಗಳು ಕೋಟನ್ನು ಮೇಲಕ್ಕೆತ್ತುತ್ತವೆ. ಆಗ ಕತ್ತಿನ ಹಿಂದಿನ ಬಟ್ಟೆಗೆ ಹೋಗಲು ಜಾಗವಿಲ್ಲದೆ ಕಾಲರಿನ ಕೆಳಗೆ ಸುರುಳಿಯಾಗುತ್ತದೆ. ಪರೀಕ್ಷೆ ಸುಲಭ: ಆ ಸುಕ್ಕನ್ನು ಇನ್ನೊಬ್ಬರು ಬೆರಳಲ್ಲಿ ಹಿಡಿದು ಪಿನ್ ಹಾಕಲಿ. ಬೆನ್ನೆಲ್ಲ ನುಣ್ಣಗೆ ಇಳಿದರೆ ರೋಗ ಅದೇ. ಕಾಲರ್ ಬಿಚ್ಚಿ, ಹಿಂಗತ್ತನ್ನು ಪಿನ್ನು ತೋರಿಸಿದಷ್ಟು ಕೆಳಗಿಳಿಸಿ ಕತ್ತರಿಸಿ, ಕಾಲರ್ ಮತ್ತೆ ಕೂರಿಸಬೇಕು. ಒಂದು ಎಚ್ಚರಿಕೆ: ಟ್ರಯಲ್ ಎಂದೊಡನೆ ಎನ್‌ಸಿಸಿ ಪರೇಡಿನಂತೆ ಎದೆಯುಬ್ಬಿಸಿ ನಿಲ್ಲುವವರಿದ್ದಾರೆ. ಹಾಗೆ ನಿಂತರೆ ಬೆನ್ನು ಗಿಡ್ಡವಾಗಿ, ಇಲ್ಲದ ಸುಕ್ಕೂ ಹುಟ್ಟುತ್ತದೆ. ದಿನಾ ನಿಲ್ಲುವಂತೆ ನಿಲ್ಲಿ. ಭುಜ ಇಳಿಜಾರಾದವರಲ್ಲಿ ಕತ್ತಿನಿಂದ ಕಂಕುಳಿನ ಕಡೆಗೆ ಓರೆ ಸುಕ್ಕು ಬೀಳುತ್ತದೆ. ಅವರಿಗೆ ತೆಳ್ಳನೆಯ ಪ್ಯಾಡ್ ಸೇರಿಸಿದರೂ ಎಷ್ಟೋ ಗುಣ.

ಇನ್ನೊಂದು ತಪ್ಪು ನಂಬಿಕೆ ಬಹಳ ಗಟ್ಟಿ. ‘ಕೈ ಎತ್ತಲು ಆಗುತ್ತಿಲ್ಲ, ಒಂದು ಸೈಜ್ ದೊಡ್ಡದು ಕೊಡಿ.’ ದೊಡ್ಡದು ತೊಟ್ಟರೆ ಕೈಯ ಜೊತೆ ಇಡೀ ಕೋಟೇ ಮೇಲೇಳುತ್ತದೆ! ತೋಳು ಕೂಡುವ ಆರ್ಮ್‌ಹೋಲ್ ಕೆಳಗಿಳಿದಷ್ಟೂ ತೋಳಿನ ಬುಡ ಕಂಕುಳು ಬಿಟ್ಟು ಪಕ್ಕೆಯ ಮೇಲೆ ಬರುತ್ತದೆ. ಕೈ ಎತ್ತಿದಾಗ ಅದು ಪಕ್ಕೆಯ ಬಟ್ಟೆಯನ್ನೇ ಎಳೆಯುತ್ತದೆ. ಆರ್ಮ್‌ಹೋಲ್ ಚಿಕ್ಕದಾಗಿ ಕಂಕುಳಿನ ಹತ್ತಿರವಿದ್ದರೆ ತೋಳು ಕೀಲಿನ ಬಳಿಯೇ ತಿರುಗುತ್ತದೆ, ಕೋಟು ಕದಲುವುದು ಕಡಿಮೆ. ವಿಂಡ್ಸರ್ ಡ್ಯೂಕ್‌ಗೆ ಕೋಟು ಹೊಲಿಯುತ್ತಿದ್ದ ಲಂಡನ್ನಿನ ಫ್ರೆಡರಿಕ್ ಶೋಲ್ಟೆಯ ಕತ್ತರಿಯ ಗುಟ್ಟಿನಲ್ಲಿ ಇದೂ ಒಂದು: ಎದೆ, ಬೆನ್ನಿನಲ್ಲಿ ಬಟ್ಟೆ ಧಾರಾಳ, ಆರ್ಮ್‌ಹೋಲ್ ಮಾತ್ರ ಪುಟ್ಟದು, ಎತ್ತರದಲ್ಲಿ. ಬೇಸರದ ಸಂಗತಿ ಏನೆಂದರೆ ಆಲ್ಟರೇಶನ್‌ನಲ್ಲಿ ಇದನ್ನು ಮೇಲೇರಿಸಲಾಗದು. ಕೆಳಗಿನ ಬಟ್ಟೆ ಕತ್ತರಿಸಿ ಹೋಗಿರುತ್ತದೆ, ತರುವುದೆಲ್ಲಿಂದ? ಅಂಗಡಿಯಲ್ಲೇ ಎರಡೂ ಕೈ ಮುಂದೆ ಚಾಚಿ ನೋಡಿಕೊಳ್ಳಿ.

ಕೋಟಿನ ಎದೆಯೊಳಗಿನ ಕ್ಯಾನ್ವಾಸಿನ ಬಗ್ಗೆ ಇಲ್ಲಿ ಒಂದು ಮಾತೂ ಆಡಲಾಗಲಿಲ್ಲ. ಯಾರೂ ತೊಡದ ಹಳೆಯ ಕೋಟು ಮನೆಯಲ್ಲಿದ್ದರೆ ಲೈನಿಂಗ್ ಬಿಚ್ಚಿ ಒಳಗೆ ನೋಡಿ. ಬಟ್ಟೆಗೆ ಅಂಟಿಸಿದ ಪದರವೋ, ದಾರದಲ್ಲಿ ಹೊಲಿದ ಕ್ಯಾನ್ವಾಸೋ ಗುರುತಿಸಿ. ಎರಡೂ ಬಗೆಯ ಒಂದೊಂದು ಕೋಟು ಸಿಕ್ಕಿದರೆ ಇನ್ನೂ ಒಳ್ಳೆಯದು. ಮಡಿಲಲ್ಲಿಟ್ಟುಕೊಂಡೇ ಮುಂದಿನ ಅಧ್ಯಾಯ ಓದಬಹುದು.