ಈ ಸಲ ಕಪ್ ‘ನಮ್ದೇ’ – ಅಂದರೆ ಯಾರದು?

ಐಪಿಎಲ್ ಶುರುವಾದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಚಹಾದಂಗಡಿಗಳಲ್ಲಿ ಆರ್‌ಸಿಬಿಯದೇ ಮಾತು. ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರು, ನಮ್ಮ ಬ್ಯಾರಿ ಹುಡುಗರು, ಕಾಲೇಜು ಮಕ್ಕಳು ಎಲ್ಲರೂ ಅಭಿಮಾನಿಗಳೇ. ಆದರೆ ‘ನಮ್ದೇ’ ಅನ್ನೋದರಲ್ಲಿ ಯಾರ್ಯಾರಿಗೆ ಜಾಗ ಇದೆ?

2025ರ ಜೂನ್ 3ರಂದು ಪುರುಷರ ತಂಡ ಗೆದ್ದಾಗ, ಮೊದಲ ಕಪ್ ಬಂತೆಂದು ಊರೆಲ್ಲ ಕುಣಿಯಿತು. ಆದರೆ ಮೊದಲ ಕಪ್ ತಂದವರು ಹೆಣ್ಣುಮಕ್ಕಳು. 2024ರ ಮಾರ್ಚ್ 17ರಂದು ಸ್ಮೃತಿ ಮಂದಾನ ಬಳಗ ದೆಹಲಿಯನ್ನು 8 ವಿಕೆಟ್‌ಗಳಿಂದ ಸೋಲಿಸಿತ್ತು. ಆ ಫೈನಲ್‌ನಲ್ಲಿ 4 ವಿಕೆಟ್ ಕಿತ್ತವರು ನಮ್ಮದೇ ರಾಜ್ಯದ ಶ್ರೇಯಾಂಕಾ ಪಾಟೀಲ್.

2021ರ ಜನವರಿಯಲ್ಲಿ ಸಿಡ್ನಿ ಪ್ರೇಕ್ಷಕರು ಸಿರಾಜ್‌ರನ್ನು ನಿಂದಿಸಿದಾಗ ಆಟ ನಿಂತಿತು, ಆರು ಮಂದಿಯನ್ನು ಹೊರಗೆ ಕಳಿಸಿದರು. ನಮಗೆಲ್ಲ ಸಿಟ್ಟು ಬಂತು, ಬರಬೇಕಾದ್ದೇ. ಆದರೆ ಅದೇ ಅಕ್ಟೋಬರ್‌ನಲ್ಲಿ ಪಾಕಿಸ್ತಾನದೆದುರು ಸೋತಾಗ ಶಮಿಯನ್ನು ಧರ್ಮ ಹಿಡಿದು ಬೈದವರಲ್ಲಿ ನಮ್ಮ ದೇಶದವರೂ ಇದ್ದರು. ಆಗ ಶಮಿ ಪರ ಗಟ್ಟಿಯಾಗಿ ಮಾತಾಡಿದ್ದು ನಾಯಕ ಕೊಹ್ಲಿ.

‘ಕರಿಯ’ ಅನ್ನೋದು ಬರೀ ತಮಾಷೆ ಅಂತಾರೆ ಹುಡುಗರು. ಹೈದರಾಬಾದ್ ತಂಡದಲ್ಲಿ ತನಗಿಟ್ಟಿದ್ದ ಅಂಥದ್ದೇ ಅಡ್ಡಹೆಸರಿನ ಅರ್ಥ ತಿಳಿದು ನೊಂದದ್ದನ್ನು ವೆಸ್ಟ್ ಇಂಡೀಸ್‌ನ ಡ್ಯಾರೆನ್ ಸಾಮಿ 2020ರಲ್ಲಿ ಹೇಳಿಕೊಂಡರು. ಕರೆದವನಿಗೆ ತಮಾಷೆ, ಕರೆಸಿಕೊಂಡವನಿಗೆ ಗಾಯ.

ಮುಂದಿನ ಸಲ ಊರಲ್ಲಿ ದೊಡ್ಡ ಪರದೆ ಕಟ್ಟುವವರಿಗೆ ನಮ್ಮದೊಂದು ಮಾತು: ಹೆಣ್ಣುಮಕ್ಕಳ ಪಂದ್ಯವನ್ನೂ ಹಾಕಿ, ಅಕ್ಕತಂಗಿಯರಿಗೆ ಮುಂದಿನ ಸಾಲಲ್ಲಿ ಕುರ್ಚಿ ಇಡಿ. ಬಣ್ಣ, ಧರ್ಮ ಹಿಡಿದು ಕೂಗುವವನನ್ನು ಅವನ ಗೆಳೆಯರೇ ಸುಮ್ಮನಿರಿಸಲಿ.