ಸಹಪ್ರಯಾಣಿಕರ ಸ್ನೇಹ: ಬೇಕೇ, ಎಷ್ಟು ಬೇಕು?

ಬೇಸಿಗೆ ರಜೆ ಸಮೀಪಿಸುತ್ತಿದ್ದಂತೆ ಡ್ಯೂಸೆಲ್ಡಾರ್ಫಿನ ನಮ್ಮ ಕನ್ನಡ ಕುಟುಂಬಗಳಲ್ಲಿ ಒಂದೇ ಚರ್ಚೆ. ಊರಿನಿಂದ ಬರುವ ತಂದೆತಾಯಿಯರನ್ನು ಎಲ್ಲಿಗೆ ಕರೆದೊಯ್ಯುವುದು? ರೈನ್ ನದಿಯ ಹಡಗು, ಸ್ವಿಟ್ಜರ್ಲೆಂಡಿನ ಬಸ್ ಪ್ರವಾಸ, ಪ್ಯಾರಿಸ್ಸಿನ ರೈಲು, ಯಾವುದೇ ಆಗಲಿ, ಪಕ್ಕದ ಆಸನದಲ್ಲಿ ಅಪರಿಚಿತರೊಬ್ಬರು ಇದ್ದೇ ಇರುತ್ತಾರೆ. ಅವರೊಡನೆ ಸ್ನೇಹ ಬೆಳೆಸಬೇಕೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದು. ಆದರೆ ಹೊರದೇಶದಲ್ಲಿ ನೆಲೆಸಿದವರಿಗೂ ನೆಲೆಸಲು ಹೊರಟವರಿಗೂ ಅದು ಅಷ್ಟು ಸಣ್ಣದಲ್ಲ. ಈ ನಾಡಿನ ಜನ ನಮ್ಮನ್ನು ಹತ್ತಿರ ಬರಗೊಡುವರೇ ಎಂಬ ಅಳುಕು ಅದರೊಳಗೆ ಅಡಗಿದೆ.

ನಮ್ಮ ಕಡೆಯ ರೈಲುಪ್ರಯಾಣದ ರೀತಿ ಎಲ್ಲರಿಗೂ ಗೊತ್ತು. ಬೆಂಗಳೂರು ಬಿಟ್ಟು ತುಮಕೂರು ತಲುಪುವುದರೊಳಗೆ ‘ಯಾವೂರು, ಎಷ್ಟು ಮಕ್ಕಳು’ ಎಂಬ ವಿಚಾರಣೆ ಮುಗಿದಿರುತ್ತದೆ. ಅರಸೀಕೆರೆಯ ಹೊತ್ತಿಗೆ ಬುತ್ತಿ ಬಿಚ್ಚಿ ಚಿತ್ರಾನ್ನ ಹಂಚಿಯಾಗಿರುತ್ತದೆ. ಹುಬ್ಬಳ್ಳಿಯಲ್ಲಿ ಇಳಿಯುವಾಗ ಅಪರಿಚಿತರು ಅಣ್ಣ, ಅಕ್ಕ, ದೊಡ್ಡಮ್ಮ ಆಗಿರುತ್ತಾರೆ. ನಮಗೆ ಪರಿಚಯವೆಂದರೆ ನಂಟಿನ ಮೊದಲ ಮೆಟ್ಟಿಲು.

ಜರ್ಮನರು ಈ ಮೆಟ್ಟಿಲುಗಳನ್ನು ಬೇರೆ ರೀತಿಯಲ್ಲಿ ಕಟ್ಟಿದ್ದಾರೆ. ಅವರ ಭಾಷೆಯಲ್ಲಿ ‘ಫ್ರಾಯ್ಂಡ್’ ಎಂದರೆ ಆಪ್ತ ಗೆಳೆಯ. ‘ಬೆಕಾಂಟರ್’ ಎಂದರೆ ಪರಿಚಿತ. ಎಷ್ಟೋ ವರ್ಷ ಜೊತೆಯಲ್ಲಿ ದುಡಿದವರನ್ನೂ ಅವರು ಪರಿಚಿತರೆಂದೇ ಕರೆಯಬಹುದು. ನಮ್ಮ ‘ನೀವು’, ‘ನೀನು’ಗಳಂತೆ ಅವರಿಗೂ ‘ಸೀ’ ಮತ್ತು ‘ಡೂ’ ಎಂಬ ಎರಡು ಸಂಬೋಧನೆಗಳಿವೆ. ವಯಸ್ಕರ ನಡುವೆ ಮೊದಲನೆಯದರಿಂದ ಎರಡನೆಯದಕ್ಕೆ ದಾಟಲು ಸಾಮಾನ್ಯವಾಗಿ ಹಿರಿಯರು ಆಹ್ವಾನ ನೀಡಬೇಕು. ರಜೆಯಲ್ಲಿ ಆದ ಪರಿಚಯಕ್ಕಂತೂ ‘ಊರ್ಲೌಬ್ಸ್‌ಬೆಕಾಂಟ್‌ಶಾಫ್ಟ್’ ಎಂಬ ಪ್ರತ್ಯೇಕ ಪದವೇ ಇದೆ. ರಜೆಯೊಳಗೆ ಹುಟ್ಟಿ, ಬಹುಮಟ್ಟಿಗೆ ರಜೆಯೊಳಗೇ ಮುಗಿಯುವ ಪರಿಚಯ ಅದು. ಮುಗಿಯಿತೆಂದು ಯಾರೂ ನೊಂದುಕೊಳ್ಳುವುದಿಲ್ಲ.

ರಜೆಯನ್ನು ಇಲ್ಲಿ ಕಾನೂನೇ ಗಂಭೀರವಾಗಿ ಪರಿಗಣಿಸಿದೆ. 1963ರ ರಜೆ ಕಾಯಿದೆಯ ಪ್ರಕಾರ ನೌಕರನಿಗೆ ವರ್ಷಕ್ಕೆ ಕನಿಷ್ಠ ನಾಲ್ಕು ವಾರ ಸಂಬಳಸಹಿತ ರಜೆ ಸಿಗಬೇಕು. ಆ ಅವಧಿಯಲ್ಲಿ ವಿಶ್ರಾಂತಿಯ ಉದ್ದೇಶಕ್ಕೆ ವಿರುದ್ಧವಾದ ಸಂಪಾದನೆಯ ಕೆಲಸ ಮಾಡಕೂಡದು. ರಜೆಯಲ್ಲಿ ಕಾಯಿಲೆ ಬಿದ್ದು ವೈದ್ಯರ ಪ್ರಮಾಣಪತ್ರ ತಂದರೆ ಆ ದಿನಗಳನ್ನು ರಜೆಯ ಲೆಕ್ಕದಿಂದ ಕಳೆಯುವಂತಿಲ್ಲ. ಹೀಗೆ ಕಾಪಾಡಿಕೊಂಡ ದಿನಗಳಲ್ಲಿ ಒಬ್ಬರು ಪುಸ್ತಕ ಹಿಡಿದು ಮೌನವಾಗಿ ಕುಳಿತರೆ ಅದು ನಮ್ಮ ಮೇಲಿನ ತಾತ್ಸಾರವಲ್ಲ. ವೇಗದ ಐಸಿಇ ರೈಲುಗಳಲ್ಲಿ ಮೌನಕ್ಕೆಂದೇ ಮೀಸಲಾದ ಬೋಗಿಗಳಿವೆ; ಅಲ್ಲಿ ಮಾತಿಗಿಳಿಯದಿರುವುದೇ ಸೌಜನ್ಯ.

ಹಾಗೆಂದು ಇಲ್ಲಿನವರು ಮಾತು ಬಾರದವರಲ್ಲ. ರೈನ್ ಸೀಮೆಯ ಜನ ಮಾತುಗಾರರೆಂದೇ ಹೆಸರಾದವರು. ‘ಜಗತ್ತಿನ ಅತಿ ಉದ್ದದ ಬಾರ್’ ಎಂಬ ಅಡ್ಡಹೆಸರು ಪಡೆದಿರುವ ಡ್ಯೂಸೆಲ್ಡಾರ್ಫಿನ ಹಳೆಯ ಪೇಟೆಯಲ್ಲಿ, ಎತ್ತರದ ಮೇಜಿನ ಸುತ್ತ ನಿಂತ ಅಪರಿಚಿತರು ಸಂಜೆಯಿಡೀ ಹರಟುತ್ತಾರೆ. ಮರುದಿನ ಟ್ರಾಮಿನಲ್ಲಿ ಎದುರಾದರೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ಹೊಸದಾಗಿ ಬಂದ ನಮ್ಮ ವಿದ್ಯಾರ್ಥಿಗಳು ಕಂಗೆಡುವುದು ಇಲ್ಲಿಯೇ. ಸಂಜೆಯ ಆತ್ಮೀಯತೆಯನ್ನು ಭರವಸೆ ಎಂದುಕೊಂಡು, ಬೆಳಗಿನ ಮೌನವನ್ನು ಅವಮಾನ ಎಂದುಕೊಳ್ಳುತ್ತಾರೆ. ಎರಡೂ ಅಲ್ಲ.

ಕೆಲವು ವರ್ಷಗಳ ಹಿಂದೆ ಹಾಸನದಿಂದ ಬಂದಿದ್ದ ನನ್ನ ತಾಯಿಯನ್ನು ಬಿಂಗೆನ್‌ನಿಂದ ಕೊಬ್ಲೆಂಜ್‌ವರೆಗೆ ಹಡಗಿನಲ್ಲಿ ಕರೆದೊಯ್ದಿದ್ದೆ. ಕೋಟೆಗಳೂ ದ್ರಾಕ್ಷಿತೋಟಗಳೂ ಸಾಲಾಗಿ ನಿಂತ ಸುಮಾರು 65 ಕಿಲೋಮೀಟರಿನ ಈ ಕಣಿವೆ 2002ರಿಂದ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಅಮ್ಮ ಕೋಟೆಗಳನ್ನು ನೋಡಿದ್ದು ಕಡಿಮೆ. ಪಕ್ಕದಲ್ಲಿದ್ದ ಜರ್ಮನ್ ವೃದ್ಧೆಗೆ ಚಕ್ಕುಲಿ ಕೊಟ್ಟು, ಕನ್ನಡದಲ್ಲಿಯೇ ಮೊಮ್ಮಕ್ಕಳ ವಿಷಯ ಹೇಳಿದರು. ಆಕೆ ಜರ್ಮನಿನಲ್ಲಿಯೇ ತನ್ನ ಮಂಡಿನೋವಿನ ವಿಷಯ ಹೇಳಿದರು. ಕೊಬ್ಲೆಂಜಿನಲ್ಲಿ ಆಕೆ ಅಮ್ಮನ ಎರಡೂ ಕೈ ಹಿಡಿದು ಬೀಳ್ಕೊಂಡರು. ‘ಅವರ ವಿಳಾಸ ಇಸ್ಕೊಂಡ್ಯೇನೋ?’ ಎಂದು ಅಮ್ಮ ಕೇಳಿದರು. ‘ಇಲ್ಲಮ್ಮ, ಇಲ್ಲಿ ಹಾಗೆ ಕೇಳೋ ಪದ್ಧತಿ ಇಲ್ಲ’ ಎಂದೆ. ಕ್ಷಣಕಾಲ ಸುಮ್ಮನಿದ್ದು, ‘ಹೋಗಲಿ ಬಿಡು, ದಾರಿ ಚೆನ್ನಾಗಿ ಸಾಗಿತಲ್ಲ’ ಎಂದರು. ಈ ವಿಷಯದಲ್ಲಿ ನಾನು ಕೇಳಿದ ಅತ್ಯಂತ ವಿವೇಕದ ಮಾತು ಅದು.

ವಿದ್ವಾಂಸರೂ ಇದನ್ನು ಗಮನಿಸಿದ್ದಾರೆ. ಬರ್ಲಿನ್ನಿನ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮೆಲ್ 1908ರಲ್ಲಿಯೇ, ಆಪ್ತರಿಂದ ಮುಚ್ಚಿಟ್ಟ ಸಂಗತಿಗಳನ್ನು ಜನ ಹೊರಗಿನಿಂದ ಬಂದ ಅಪರಿಚಿತನಲ್ಲಿ ತೋಡಿಕೊಳ್ಳುತ್ತಾರೆಂದು ಬರೆದಿದ್ದರು. 2014ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಎಪ್ಲಿ ಮತ್ತು ಶ್ರೋಡರ್ ಪ್ರಕಟಿಸಿದ ಅಧ್ಯಯನದಲ್ಲಿ, ರೈಲಿನಲ್ಲಿ ಅಪರಿಚಿತರೊಡನೆ ಮಾತನಾಡಿದವರ ಪ್ರಯಾಣ ಮೌನವಾಗಿದ್ದವರ ಪ್ರಯಾಣಕ್ಕಿಂತ ಹಿತಕರವಾಗಿತ್ತು. ಜನರ ಪೂರ್ವಾಭಿಪ್ರಾಯ ಮಾತ್ರ ಇದಕ್ಕೆ ತದ್ವಿರುದ್ಧವಾಗಿತ್ತು. ಮನೆಯೊಳಗೆ ಒಂಟಿತನದಿಂದ ಬಾಡಿದ ರೋಗಿಗಳನ್ನು ದಿನವೂ ಕಾಣುವ ನನಗೆ ಈ ಫಲಿತಾಂಶ ಆಶ್ಚರ್ಯ ತರಲಿಲ್ಲ.

ಆದರೆ ಎಚ್ಚರವೂ ಬೇಕು. ವೈದ್ಯನೆಂದು ತಿಳಿದೊಡನೆ ಪ್ರವಾಸದ ಬಸ್ಸಿನಲ್ಲಿ ರಕ್ತಪರೀಕ್ಷೆಯ ವರದಿಗಳು ನನ್ನ ಮುಂದೆ ಬರುತ್ತವೆ. ಅಪಘಾತವಾದಾಗ ಕೈಲಾದ ನೆರವು ನೀಡುವುದು ಇಲ್ಲಿ ಪ್ರತಿಯೊಬ್ಬರಿಗೂ ಕಾನೂನಿನ ಕರ್ತವ್ಯ. ಆದರೆ ಪೂರ್ವಾಪರ ತಿಳಿಯದೆ ಔಷಧ ಬದಲಿಸುವುದು ಸ್ನೇಹವಲ್ಲ, ಅಪಾಯ. ‘ನಿಮ್ಮ ವೈದ್ಯರನ್ನೇ ಕೇಳಿ’ ಎಂದು ವಿನಯದಿಂದ ಹೇಳಿ, ಮಾತನ್ನು ಊಟ, ಊರುಗಳ ಕಡೆಗೆ ತಿರುಗಿಸುತ್ತೇನೆ. ವಿಮಾನದಲ್ಲಿ ಪರಿಚಯವಾದವರ ಪೊಟ್ಟಣವನ್ನು ಎಷ್ಟೇ ಕೇಳಿಕೊಂಡರೂ ಹೊರಬೇಡಿ. ಸುಂಕದವರ ಮುಂದೆ ಉತ್ತರ ಹೇಳಬೇಕಾದವರು ನೀವೇ. ಪಾಸ್‌ಪೋರ್ಟು, ಹಣ, ಬಾಡಿಗೆಯ ಮುಂಗಡ ಇವುಗಳ ವ್ಯವಹಾರವನ್ನು ಒಂದು ದಿನದ ಗೆಳೆತನಕ್ಕೆ ಒಪ್ಪಿಸಬೇಡಿ.

ಆದ್ದರಿಂದ ನನ್ನ ಸಲಹೆ ಇಷ್ಟೇ: ಮಾತನಾಡಿ, ಬುತ್ತಿ ಹಂಚಿ, ಆದರೆ ಋಣ ಹೊರಿಸಬೇಡಿ. ಮೊದಲ ಭೇಟಿ ಪ್ರಯಾಣದ ಕೊಡುಗೆ. ಇಬ್ಬರೂ ಬಯಸಿ, ದಿನ ಗೊತ್ತುಮಾಡಿ, ಎರಡನೆಯ ಬಾರಿ ಭೇಟಿಯಾದರೆ ಅಲ್ಲಿಂದ ಸ್ನೇಹದ ಲೆಕ್ಕ ಆರಂಭವಾಗುತ್ತದೆ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವನನ್ನು ನಮ್ಮ ಗಾದೆ ಹಳಿಯುತ್ತದೆ, ನಿಜ. ಆದರೆ ಅಂಬಿಗನನ್ನು ನೆನೆಯಲು ಅವನನ್ನು ಮನೆಯವರೆಗೆ ಎಳೆದೊಯ್ಯಬೇಕಾಗಿಲ್ಲ.